ಲಜ್ಜೆಯ ಎಲ್ಲೆ: ಗಂಡಸರ ಗುಪ್ತಾಂಗ ಸ್ವಯಂತಪಾಸಣೆಯ ಧರ್ಮವಿಚಾರ

ಗಂಡಸು ತನ್ನ ಜನನಾಂಗವನ್ನು ಆಗಾಗ ತಾನೇ ನೋಡಿ, ಮುಟ್ಟಿ, ಅಲ್ಲಿ ಗಂಟು, ಬಾವು, ಹುಣ್ಣು, ಬಣ್ಣದ ವ್ಯತ್ಯಾಸ ಏನಾದರೂ ಕಾಣಿಸಿದೆಯೇ ಎಂದು ತಿಳಿದುಕೊಳ್ಳುವುದೇ ಸ್ವಯಂತಪಾಸಣೆ. ಜಳಕದ ಮನೆಯಲ್ಲಿ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ವೈದ್ಯದ ಕಡೆಯಿಂದ ಇದರಲ್ಲಿ ಕಠಿಣವಾದದ್ದು ಏನೂ ಇಲ್ಲ. ತೊಡಕಿರುವುದು ಧರ್ಮದ ಕಡೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಲಿಂಗಾಯತರು, ಜೈನರು, ಮುಸಲ್ಮಾನರು, ದೇವಾಂಗ-ಹಟಗಾರ ನೇಕಾರರು, ಕುರುಬರು, ಬ್ರಾಹ್ಮಣರು ತಲೆತಲಾಂತರದಿಂದ ಕೂಡಿ ಬಾಳಿದ್ದಾರೆ. ಆಚಾರಗಳು ಬೇರೆ ಬೇರೆ. ಆದರೆ ಆ ಅಂಗವನ್ನು ಮುಚ್ಚಿಡಬೇಕು, ಅದರ ಹೆಸರೆತ್ತಬಾರದು ಎಂಬಲ್ಲಿ ಎಲ್ಲರದೂ ಒಂದೇ ಮಾತು. ಹೀಗಾಗಿ ಪ್ರಶ್ನೆಗಳು ಮೂರು. ಆರೋಗ್ಯಕ್ಕಾಗಿ ಆ ಕಡೆ ಕಣ್ಣು, ಕೈ ಹಾಯಿಸುವುದು ಲಜ್ಜೆಗೆ ಭಂಗವೇ? ಅದು ಇಂದ್ರಿಯನಿಗ್ರಹಕ್ಕೆ ವಿರುದ್ಧವೇ? ಎರಡೂ ಅಲ್ಲವೆಂದಾದರೆ, ಅದು ಕರ್ತವ್ಯವೋ, ಬರೀ ಅವರವರ ಇಷ್ಟವೋ?

ಮೊದಲು, ನೋಡದೆ ಬಿಟ್ಟರೆ ಆಗುವುದೇನು ಎಂಬುದು. ಈ ಭಾಗದಲ್ಲಿ ಮೊದಲು ಹೇಳಬೇಕಾದದ್ದು ಹೈಡ್ರೋಸಿಲ್, ಅಂದರೆ ಬೀಜದ ಸುತ್ತ ನೀರು ತುಂಬಿಕೊಳ್ಳುವುದು. ಬಾಗಲಕೋಟೆ ಆನೆಕಾಲು ರೋಗ ನೆಲೆಯೂರಿದ ಜಿಲ್ಲೆಗಳ ಪಟ್ಟಿಯಲ್ಲಿ ಸೇರಿದ್ದು. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಹರಡುವ ಈ ರೋಗ ಕಾಲಿಗಷ್ಟೇ ಬರುವುದಿಲ್ಲ. ಗಂಡಸರಲ್ಲಿ ವೃಷಣದ ಚೀಲವೂ ಬಾಯುತ್ತದೆ. ಕಾಲು ಬಾತರೆ ಊರಿಗೆಲ್ಲ ಕಾಣುತ್ತದೆ, ಇದು ಧೋತರದ ಮರೆಯಲ್ಲಿ ಬೆಳೆಯುತ್ತದೆ. ಕುಣಿಯೊಳಗೆ ಕಾಲಿಳಿಬಿಟ್ಟು ಕೈಮಗ್ಗ ನೇಯುವವನಿಗೆ ಕೂರುವುದು, ಕಬ್ಬು ಕಡಿಯುವವನಿಗೆ ಬಗ್ಗುವುದು ಕಷ್ಟವಾಗುವವರೆಗೂ ಅವನು ಬಾಯಿ ಬಿಡುವುದಿಲ್ಲ. 2004ರಿಂದ ದೇಶದಲ್ಲಿ ಆನೆಕಾಲು ನಿರ್ಮೂಲನೆಗೆಂದು ಸಾಮೂಹಿಕವಾಗಿ ಗುಳಿಗೆ ಹಂಚಲಾಗುತ್ತಿದೆ. ಗುಳಿಗೆ ರೋಗ ಹರಡುವುದನ್ನು ತಡೆಯುತ್ತದೆ. ತುಂಬಿದ ನೀರಿಗೆ ಮಾತ್ರ ಸಣ್ಣ ಶಸ್ತ್ರಚಿಕಿತ್ಸೆಯೇ ಆಗಬೇಕು.

ಎರಡನೆಯದು ಶಿಶ್ನದ ಕ್ಯಾನ್ಸರ್. ಪಾಶ್ಚಾತ್ಯ ದೇಶಗಳಲ್ಲಿ ಬಲು ಅಪರೂಪವಾದ ಇದು ಭಾರತದ ಹಳ್ಳಿಗಾಡಿನಲ್ಲಿ ಅಷ್ಟು ಅಪರೂಪವಲ್ಲ. ಮುಂದೊಗಲು ಬಿಗಿಯಾಗಿ ಹಿಂದೆ ಸರಿಯದಿರುವುದು, ಅದರ ಅಡಿಯಲ್ಲಿ ಸ್ವಚ್ಛತೆ ಇಲ್ಲದಿರುವುದು, ತಂಬಾಕು, ಎಚ್‌ಪಿವಿ ವೈರಾಣು ಇದರ ಕಾರಣಗಳು. ಶುರುವಾಗುವುದು ಒಂದು ಬಿಳಿ ಮಚ್ಚೆಯಿಂದ, ಮಾಯದ ಸಣ್ಣ ಹುಣ್ಣಿನಿಂದ; ಅದೂ ಬಹುಪಾಲು ತೊಗಲಿನ ಮರೆಯಲ್ಲಿ. ಆ ಹಂತದಲ್ಲಿ ಬಂದವನ ಅಂಗವನ್ನು ಬಹುಮಟ್ಟಿಗೆ ಉಳಿಸಬಹುದು. ವರ್ಷ ಕಳೆದು, ವಾಸನೆ ತಡೆಯಲಾರದೆ, ತೊಡೆಸಂದಿನಲ್ಲಿ ಗಂಟು ಎದ್ದ ಮೇಲೆ ಬಂದವನಿಗೆ ಅಂಗವನ್ನೇ ಕತ್ತರಿಸುವುದು ಅನಿವಾರ್ಯವಾಗಬಹುದು. ಲಜ್ಜೆಗಾಗಿ ತೆತ್ತ ಬೆಲೆ ಎಷ್ಟೆಂದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಮತ್ತೆಲ್ಲೂ ಕಾಣುವುದಿಲ್ಲ.

ವೃಷಣದ ಕ್ಯಾನ್ಸರ್ ಬೇರೆ ಬಗೆಯದು. ಹದಿನೈದರಿಂದ ನಲವತ್ತರ ಒಳಗಿನ ಪ್ರಾಯದವರಿಗೆ ಹೆಚ್ಚು ಬರುತ್ತದೆ. ಭಾರತದಲ್ಲಿ ವರ್ಷಕ್ಕೆ ಲಕ್ಷ ಗಂಡಸರಲ್ಲಿ ಒಬ್ಬರಿಗಿಂತ ಕಡಿಮೆ. ಬೇಗ ಗೊತ್ತಾದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಕೂಸಿದ್ದಾಗ ಬೀಜ ಚೀಲಕ್ಕೆ ಇಳಿಯದೆ ಹೊಟ್ಟೆಯಲ್ಲೋ ತೊಡೆಸಂದಿನಲ್ಲೋ ಉಳಿದವರಿಗೆ ಇದರ ಅಪಾಯ ಹೆಚ್ಚು. ಇನ್ನು ಮುಂದೊಗಲ ತುದಿ ಪದೇ ಪದೇ ಬಿರಿಯುವುದು, ಕೆಂಪಾಗಿ ತುರಿಸುವುದು ಎಷ್ಟೋ ಸಲ ಸಕ್ಕರೆ ಕಾಯಿಲೆಯ ಮೊದಲ ಸೂಚನೆ. ಸಕ್ಕರೆ ಕಾರ್ಖಾನೆಗಳ ಈ ಸೀಮೆಯಲ್ಲಿ ಆ ಕಾಯಿಲೆ ಯಾರಿಗೂ ಹೊಸದಲ್ಲ. ಅದು ಇಲ್ಲಿಂದಲೂ ಮುಖ ತೋರಿಸಬಹುದೆಂಬುದು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ.

ಈಗ ಲಜ್ಜೆಯ ಪ್ರಶ್ನೆ. ಬಟ್ಟೆಯ ಊರುಗಳಾದ ರಬಕವಿ-ಬನಹಟ್ಟಿಯಿಂದಲೇ ಇದನ್ನು ಎತ್ತಿಕೊಳ್ಳುವುದು ಸರಿ. ದೇವಾಂಗರ ಪುರಾಣದ ಪ್ರಕಾರ ದೇವತೆಗಳಿಗೂ ಮನುಷ್ಯರಿಗೂ ಉಡಲು ಬಟ್ಟೆಯಿಲ್ಲದಿದ್ದಾಗ ಶಿವನು ದೇವಲ ಮಹರ್ಷಿಯನ್ನು ಕಳಿಸಿದ. ಅವನು ವಿಷ್ಣುವಿನ ನಾಭಿಕಮಲದಿಂದ ನೂಲು ತಂದು ನೇಯ್ದು ಎಲ್ಲರ ಮಾನ ಮುಚ್ಚಿದ. ದಾರಿಯಲ್ಲಿ ರಕ್ಕಸರು ಎರಗಿದಾಗ ಚೌಡೇಶ್ವರಿ ಕಾಯ್ದಳು. ಮಗ್ಗದ ಕಾಯಕಕ್ಕೆ ಈ ಕಥೆ ದೈವಿಕ ಮೂಲ ಕೊಡುತ್ತದೆ. ಆದರೆ ಬಟ್ಟೆ ಇಲ್ಲಿ ಸಭೆಗೆ ಬೇಕಾದದ್ದು. ಪರಸ್ಪರ ಎದುರು ನಿಲ್ಲಬೇಕಾದ ದೇವತೆಗಳಿಗೆ, ಮನುಷ್ಯರಿಗೆ ಅದರ ಅಗತ್ಯ ಬಿತ್ತು. ಒಬ್ಬನೇ ಇದ್ದಾಗ ಒಬ್ಬನು ತನ್ನಿಂದಲೇ ತನ್ನನ್ನು ಮುಚ್ಚಿಕೊಳ್ಳಬೇಕೆಂದು ಪುರಾಣ ಹೇಳುವುದಿಲ್ಲ.

ಶರಣರಲ್ಲಿ ಈ ವಿಚಾರ ಇನ್ನೂ ನಿಚ್ಚಳವಾಗಿದೆ. ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಅವಳನ್ನು ಬಿಗಿಯಾಗಿ ಕೇಳುತ್ತಾನೆ: ಸೀರೆಯನ್ನೇ ಬಿಟ್ಟವಳಿಗೆ ಕೂದಲ ಮರೆ ಯಾತಕ್ಕೆ? ಅಕ್ಕನ ಉತ್ತರದ ತಿರುಳು, ಆ ಮರೆ ಎದುರಿಗಿರುವವರ ಸಲುವಾಗಿ, ತನ್ನ ಸಲುವಾಗಿ ಅಲ್ಲ ಎಂಬುದು. ಲಜ್ಜೆಯ ಬಗ್ಗೆ ಕನ್ನಡದಲ್ಲಿ ಇದಕ್ಕಿಂತ ಖಚಿತವಾದ ಮಾತು ಸಿಗುವುದು ಕಷ್ಟ. ಲಜ್ಜೆ ಪರರಿಗೆ ಸಲ್ಲಿಸುವ ಮರ್ಯಾದೆ. ತನ್ನ ದೇಹ ತನಗೆ ಪರವಲ್ಲ. ಹಾಗಾಗಿ ಮುಚ್ಚಿದ ಬಾಗಿಲ ಹಿಂದೆ, ತನ್ನ ಕಣ್ಣೆದುರು, ಆ ಮರ್ಯಾದೆಯ ಪ್ರಶ್ನೆ ಏಳುವುದೇ ಇಲ್ಲ.

ಬೀಳಗಿಗೆ ದೂರವಲ್ಲದ ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರು ದೇಹವನ್ನೇ ದೇವಾಲಯವಾಗಿ ಕಂಡದ್ದು ಮಕ್ಕಳಿಗೂ ಗೊತ್ತು. ಆದರೆ ಸ್ವಯಂತಪಾಸಣೆಯ ವಿಷಯಕ್ಕೆ ಅದಕ್ಕಿಂತ ಹತ್ತಿರವಾದದ್ದು ಪಂಚಸೂತಕಗಳ ನಿರಾಕರಣೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳೂ ಇಷ್ಟಲಿಂಗ ಧರಿಸಿದ ದೇಹಕ್ಕೆ ಇಲ್ಲವೆಂಬುದು ಲಿಂಗಾಯತರ ನಿಲುವು. ಹುಟ್ಟಿನ ದಾರಿಯೇ ಮೈಲಿಗೆಯಲ್ಲ ಎಂದ ಮೇಲೆ ಹುಟ್ಟಿಗೆ ಕಾರಣವಾದ ಅಂಗ ಮೈಲಿಗೆಯಾಗುವುದು ಹೇಗೆ? ನಿತ್ಯ ಅಂಗೈಯಲ್ಲಿ ಲಿಂಗ ಹಿಡಿದು ದೃಷ್ಟಿ ನೆಡುವವರು ಸೊಂಟದ ಕೆಳಗಿನ ಮೈಯನ್ನು ವರ್ಷಗಟ್ಟಲೆ ನೋಡದಿದ್ದರೆ ಅದಕ್ಕೆ ಧರ್ಮದ ಆಧಾರವಿಲ್ಲ. ಅದು ರೂಢಿ ಮಾತ್ರ. ನೇಕಾರರೇ ತಮ್ಮವರೆಂದು ಪೂಜಿಸುವ ಮುದನೂರಿನ ದೇವರ ದಾಸಿಮಯ್ಯ ಇನ್ನೂ ಮುಂದೆ ಹೋಗಿ, ಹೆಣ್ಣು ಗಂಡೆಂಬುದು ಮೈಯ ಗುರುತು, ಒಳಗಿರುವ ಆತ್ಮ ಎರಡೂ ಅಲ್ಲ ಎಂದ. ಗಂಡಸುತನವನ್ನು ಆ ಒಂದು ಅಂಗಕ್ಕೆ ಗಂಟುಹಾಕಿ, ಅದಕ್ಕೆ ರೋಗ ಬಂತೆಂದರೆ ಗಂಡಸುತನವೇ ಹೋಯಿತೆಂದು ಬೆದರುವವನಿಗೆ ಈ ಮಾತು ಔಷಧಿಯಂತೆ ಕೆಲಸ ಮಾಡೀತು.

ಇದೇ ಜಿಲ್ಲೆಯ ತೇರದಾಳದಲ್ಲಿ 12ನೇ ಶತಮಾನದ ನೇಮಿನಾಥ ಬಸದಿ ಇದೆ. ಈ ಸೀಮೆಯಲ್ಲಿ ದಿಗಂಬರ ಜೈನರ ಬೇರು ಆಳವಾದದ್ದು. ಮುನಿಗಳ ವಿಹಾರ ಈ ಊರುಗಳಿಗೆ ಹೊಸದಲ್ಲ. ಜೈನಶಾಸ್ತ್ರ ಮುನಿ ಗೆಲ್ಲಬೇಕಾದ 22 ಪರೀಷಹಗಳನ್ನು, ಅಂದರೆ ಸಹಿಸಬೇಕಾದ ಕಷ್ಟಗಳನ್ನು, ಎಣಿಸುತ್ತದೆ, ಅವುಗಳಲ್ಲಿ ನಾಗ್ನ್ಯವೂ ಒಂದು, ರೋಗವೂ ಒಂದು. ಬತ್ತಲೆಯನ್ನು ಗೆಲ್ಲುವುದೆಂದರೆ ಅದರಿಂದ ಹುಟ್ಟುವ ವಿಕಾರವನ್ನೂ ನಾಚಿಕೆಯನ್ನೂ ಗೆಲ್ಲುವುದು. ರೋಗವನ್ನು ಸಹಿಸುವ ವ್ರತವನ್ನು ನೆಪ ಮಾಡಿಕೊಂಡು ಗೃಹಸ್ಥನೊಬ್ಬ ತನ್ನ ಹುಣ್ಣನ್ನು ಮುಚ್ಚಿಟ್ಟರೆ ಅದು ಶ್ರಾವಕಧರ್ಮವಲ್ಲ. ಶ್ರಾವಕನಿಗೆ ಹೇಳಿರುವ ನಾಲ್ಕು ದಾನಗಳಲ್ಲಿ ಆಹಾರ, ಶಾಸ್ತ್ರ, ಅಭಯಗಳ ಜೊತೆ ಔಷಧದಾನವೂ ಇದೆ. ಪರರಿಗೆ ಕೊಡಬೇಕಾದ ಔಷಧ ತನಗೆ ಬೇಡವೆನ್ನುವುದರಲ್ಲಿ ಅರ್ಥವಿಲ್ಲ.

ಇಸ್ಲಾಮಿನಲ್ಲಿ ಗಂಡಸಿನ ಹೊಕ್ಕುಳಿನಿಂದ ಮೊಣಕಾಲಿನವರೆಗಿನ ಭಾಗ ಪರರ ಕಣ್ಣಿಗೆ ಬೀಳಬಾರದು. ಆದರೆ ಆ ಅಂಗದ ಪಾಲನೆಗೆ ಅಲ್ಲಿರುವಷ್ಟು ಖಚಿತ ನಿಯಮ ಬೇರೆಡೆ ವಿರಳ. ಮೂತ್ರವಿಸರ್ಜನೆಯ ನಂತರ ನೀರಿನಿಂದ ಎಡಗೈಯಲ್ಲಿ ಶುಚಿ ಮಾಡಿಕೊಳ್ಳುವ ಇಸ್ತಿಂಜಾ, ಮೈಯೆಲ್ಲ ನೀರು ಮುಟ್ಟಲೇಬೇಕಾದ ಗುಸ್ಲ್, ಬಾಲ್ಯದಲ್ಲೇ ಆಗುವ ಸುನ್ನತಿ, ಆ ಭಾಗದ ಕೂದಲನ್ನು ನಲವತ್ತು ದಿನ ಮೀರಿಸದೆ ತೆಗೆಯಬೇಕೆಂಬ ಕಟ್ಟಳೆ. ಕೊನೆಯದನ್ನು ಪಾಲಿಸುವವನ ಕಣ್ಣು, ಕೈ ನಲವತ್ತು ದಿನಕ್ಕೊಮ್ಮೆಯಾದರೂ ಅಲ್ಲಿ ಹೋಗಲೇಬೇಕು. ಅದೇ ಹೊತ್ತಿನಲ್ಲಿ ಗಂಟು ಹುಣ್ಣುಗಳ ಮೇಲೆ ನಿಗಾ ಇಟ್ಟರೆ ತಪಾಸಣೆ ಆದಂತೆಯೇ. ಚಿಕಿತ್ಸೆಯ ಅಗತ್ಯವಿದ್ದಾಗ ಅಗತ್ಯವಿದ್ದಷ್ಟೇ ಭಾಗವನ್ನು ವೈದ್ಯನಿಗೆ ತೋರಿಸಬಹುದು ಎಂಬುದು ಇಸ್ಲಾಮಿನ ಧರ್ಮಶಾಸ್ತ್ರವಾದ ಫಿಖ್ಹ್ ಒಪ್ಪಿದ ತತ್ವ. ಬಾಲ್ಯದಲ್ಲಿ ಸುನ್ನತಿಯಾದವರಲ್ಲಿ ಶಿಶ್ನದ ಕ್ಯಾನ್ಸರ್ ಬಹಳ ಕಡಿಮೆ ಎಂಬುದೂ ನಿಜ. ಇದನ್ನು ಧರ್ಮಧರ್ಮಗಳ ನಡುವಿನ ಗೆಲುವು ಸೋಲಾಗಿ ಎಣಿಸುವ ಅಗತ್ಯವಿಲ್ಲ. ಮುಂದೊಗಲು ಇರುವವರು ನಿತ್ಯ ಅದನ್ನು ಸರಿಸಿ ತೊಳೆದರೆ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ವೈದಿಕ ಸ್ಮೃತಿಗಳ ಶೌಚವಿಧಿಯೂ ಯಾವ ಅಂಗಕ್ಕೆ ಎಷ್ಟು ಸಲ ಮಣ್ಣು ಹಚ್ಚಿ ತೊಳೆಯಬೇಕೆಂದು ಎಣಿಸಿ ಹೇಳುತ್ತದೆ. ಮನು ಆ ಅಂಗದ ಹೆಸರನ್ನು ಹೇಳಲು ಸಂಕೋಚಪಟ್ಟಿಲ್ಲ.

ಹಾಗಾದರೆ ಈ ಊರುಗಳ ಯಾವ ಮತವೂ ಬೇಡವೆನ್ನದ ಕೆಲಸವನ್ನು ಗಂಡಸರು ಬೇಡವೆನ್ನುವುದೇಕೆ? ಮೂಲ ಹುಡುಕಿದರೆ ಬಾಲ್ಯಕ್ಕೆ ಹೋಗಬೇಕಾಗುತ್ತದೆ. ಬಾಣಂತಿ ಮನೆಯಲ್ಲಿ ಕೂಸಿಗೆ ಎರೆಯುವ ಅಜ್ಜಿ ಚಾಚಿದ ಕಾಲುಗಳ ಮೇಲೆ ಅದನ್ನು ಮಲಗಿಸಿಕೊಂಡು, ಎಣ್ಣೆ ಹಚ್ಚಿ, ಉಡದಾರದ ಕೆಳಗೂ ಮೇಲೂ ಒಂದೊಂದು ಸಂದನ್ನೂ ತಿಕ್ಕುತ್ತಾಳೆ. ಒಂದು ಬೀಜ ಇಳಿದಿಲ್ಲವೆಂದರೆ ಮೊದಲು ಗೊತ್ತಾಗುವುದು ಆ ಬೆರಳಿಗೇ. ಹಾಗೆ ಕಂಡದ್ದನ್ನು ಅವಳು ತಡಮಾಡದೆ ಹೇಳಿದರೆ, ಆರು ತಿಂಗಳಿನಿಂದ ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆಯಾಗಿ ಬೀಜ ತನ್ನ ಜಾಗಕ್ಕೆ ಬರುತ್ತದೆ. ಆದರೆ ಆರೇಳು ವರ್ಷವಾಗುತ್ತಲೇ "ಛೀ, ಮುಚ್ಚಿಕೋ" ಎಂಬ ಮಾತು ಶುರುವಾಗುತ್ತದೆ. ಹನ್ನೆರಡರ ಹೊತ್ತಿಗೆ ಆ ಭಾಗ ಮನೆಯವರ ಕೈಯಿಂದ ಜಾರಿರುತ್ತದೆ, ಹುಡುಗನ ಕೈಗೆ ಸೇರಿರುವುದಿಲ್ಲ. ಹೆಣ್ಣುಮಕ್ಕಳಿಗೆ ಮೈನೆರೆದಾಗ ಏನೋ ಒಂದಿಷ್ಟನ್ನು ಹೇಳಿಕೊಡುವ ಹಿರಿಯರಿದ್ದಾರೆ. ಹುಡುಗರಿಗೆ ಹೇಳುವವರು ಯಾರೂ ಇಲ್ಲ. ಮುಂದೆ ಮನೆಬಾಗಿಲಿಗೆ ಬಂದು ಆರೋಗ್ಯ ವಿಚಾರಿಸುವ ಆಶಾ ಕಾರ್ಯಕರ್ತೆಯರೂ ಹೆಂಗಸರೇ. ಊರಿನ ಸೊಸೆಯ ಮುಂದೆ ಯಾವ ಗಂಡಸೂ ಬೀಜ ಬಾತದ್ದನ್ನು ಹೇಳಲಾರ.

ಲಜ್ಜೆ ತಪ್ಪು ಜಾಗದಲ್ಲಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಜನರ ಬಾಯಲ್ಲೇ ಒಂದು ಕಥೆಯಿದೆ. ಮುಧೋಳ, ಗದಾಯುದ್ಧ ಬರೆದ ರನ್ನನ ಊರು. ಆ ಕಾವ್ಯ ಸಾಗುವುದು ದುರ್ಯೋಧನನ ತೊಡೆ ಮುರಿಯುವ ಕಡೆಗೆ. ಆ ತೊಡೆ ಏಕೆ ಮೆತ್ತಗಿತ್ತು ಎಂಬುದಕ್ಕೆ ವ್ಯಾಸಭಾರತದಲ್ಲಿ ಇಲ್ಲದ, ಹಳ್ಳಿಗರೆಲ್ಲ ಬಲ್ಲ ಕಥೆ ಹೀಗೆ: ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಬಾಳಿದ ಗಾಂಧಾರಿ, ಬತ್ತಲೆಯಾಗಿ ಎದುರು ಬಾ, ನನ್ನ ನೋಟ ಬಿದ್ದ ಮೈ ವಜ್ರವಾಗುತ್ತದೆ ಎಂದು ಮಗನಿಗೆ ಹೇಳುತ್ತಾಳೆ. ದಾರಿಯಲ್ಲಿ ಕೃಷ್ಣ ಸಿಕ್ಕು, ಪ್ರಾಯಕ್ಕೆ ಬಂದವನು ತಾಯಿಯ ಮುಂದೆ ಹೀಗೆ ಹೋಗುವುದೇ ಎಂದು ನಗುತ್ತಾನೆ. ದುರ್ಯೋಧನ ನಾಚಿ ಸೊಂಟದಿಂದ ತೊಡೆಯವರೆಗೆ ಬಾಳೆಯೆಲೆ ಸುತ್ತಿಕೊಳ್ಳುತ್ತಾನೆ. ಮುಚ್ಚಿದಷ್ಟು ಭಾಗ ಮೆತ್ತಗೇ ಉಳಿಯಿತು. ಭೀಮನ ಗದೆ ಬಿದ್ದದ್ದು ಅಲ್ಲಿಗೇ. ಕಥೆ ಹೇಳುವವರು ಇದನ್ನು ಕೃಷ್ಣನ ಚಾತುರ್ಯವೆಂದು ಹೇಳುತ್ತಾರೆ. ಅದಿರಲಿ, ಕಾಯಬೇಕೆಂದು ಕಾದು ಕೂತವಳ ಎದುರೇ ಮರೆ ಮಾಡಿಕೊಂಡದ್ದು ಕೃಷ್ಣನಲ್ಲ, ದುರ್ಯೋಧನ.

ಎರಡನೆಯ ಪ್ರಶ್ನೆ ನಿಗ್ರಹದ್ದು. ಆ ಅಂಗವನ್ನು ಮುಟ್ಟುವುದೆಂದರೆ ಕಾಮವನ್ನು ಕೆದಕುವುದು ಎಂಬ ಭಯ ಗರಡಿಮನೆಯ ಹುಡುಗರಲ್ಲಿ ವಿಶೇಷವಾಗಿ ಕಾಣುತ್ತದೆ. ಲಂಗೋಟ ಬಿಗಿದವನು ಬ್ರಹ್ಮಚಾರಿಯಾಗಿರಬೇಕು, ಧಾತು, ಅಂದರೆ ವೀರ್ಯ, ಹೋದರೆ ಶಕ್ತಿಯೇ ಹೋಯಿತು ಎಂಬ ನಂಬಿಕೆ ಹಳೆಯದು. ಧಾತು ಹೋಗುತ್ತದೆಂಬ ಕೊರಗನ್ನೇ ಒಂದು ಮಾನಸಿಕ ತೊಂದರೆಯಾಗಿ 1960ರಲ್ಲಿ ಗುರುತಿಸಿ ಹೆಸರಿಟ್ಟವರು ಮನೋವೈದ್ಯ ಎನ್.ಎನ್. ವಿಗ್. ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಗುಪ್ತರೋಗಕ್ಕೆ ಖಾತ್ರಿ ಇಲಾಜು ಎಂದು ಬರೆಸುವವರ ದಂಧೆ ನಡೆಯುವುದು ಈ ಕೊರಗಿನ ಮೇಲೆಯೇ. ಇಲ್ಲದ ರೋಗಕ್ಕೆ ಸಾವಿರಗಟ್ಟಲೆ ಸುರಿಯುವವನು ಇರುವ ರೋಗವನ್ನು ನೋಡದಿರುವುದು ಈ ಅಂಗದ ವಿಷಯದಲ್ಲಿ ದಿನವೂ ನಡೆಯುತ್ತಿದೆ.

ನಿಗ್ರಹಕ್ಕೂ ಉಪೇಕ್ಷೆಗೂ ಇರುವ ಅಂತರವನ್ನು ಈ ಭಯ ಕಾಣುವುದಿಲ್ಲ. ನಿಗ್ರಹವೆಂದರೆ ಇಂದ್ರಿಯದ ಮೇಲೆ ಹಿಡಿತ. ಹಿಡಿತಕ್ಕೆ ಅರಿವು ಬೇಕು. ಒಂದು ಕ್ರಿಯೆ ಕಾಮವೋ ಅಲ್ಲವೋ ಎಂದು ತೀರ್ಮಾನಿಸುವುದು ಕೈ ಎಲ್ಲಿದೆ ಎಂಬುದಲ್ಲ, ಮನಸ್ಸು ಯಾವುದಕ್ಕಾಗಿ ಹೊರಟಿದೆ ಎಂಬುದು. ಈ ಮತಗಳೆಲ್ಲ ಸಂಕಲ್ಪಕ್ಕೆ, ಭಾವಕ್ಕೆ, ನಿಯ್ಯತ್ತಿಗೆ ಕೊಡುವ ತೂಕ ನೋಡಿದರೆ ಇದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಆಯುರ್ವೇದ ರೋಗಿಯ ಪರೀಕ್ಷೆಗೆ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಬಗೆ ಹೇಳುತ್ತದೆ: ನೋಡುವುದು, ಮುಟ್ಟುವುದು, ಕೇಳುವುದು. ಈ ಒಂದು ಅಂಗದ ಮಟ್ಟಿಗೆ ರೂಢಿ ಮೂರನ್ನೂ ಬಂದ್ ಮಾಡಿದೆ. ಪ್ರಾಚೀನ ಶಸ್ತ್ರವೈದ್ಯ ಸುಶ್ರುತ ಮಾತ್ರ ಹಾಗೆ ಮಾಡಿರಲಿಲ್ಲ. ವೃಷಣದ ಬಾವನ್ನು ಏಳು ಬಗೆಯಾಗಿ ವಿಂಗಡಿಸಿ, ನೀರು ತುಂಬಿದ್ದನ್ನು ಚುಚ್ಚಿ ನಳಿಗೆಯಿಂದ ಹರಿಸುವ ವಿಧಾನವನ್ನೂ ಅವನು ಬರೆದಿದ್ದಾನೆ.

ಇದು ಕರ್ತವ್ಯವೋ, ಇಷ್ಟವೋ ಎಂಬ ಮೂರನೆಯ ಪ್ರಶ್ನೆಯಲ್ಲಿ ಸ್ವಲ್ಪ ಎಚ್ಚರ ಬೇಕು. ದೇಹ ಕಾಯಕದ ಸಾಧನ, ಅದನ್ನು ಕಾಯುವುದು ಧರ್ಮ ಎಂದು ಹೇಳಿ ತಿಂಗಳಿಗೊಮ್ಮೆ ತಪಾಸಣೆಯನ್ನು ವ್ರತವನ್ನಾಗಿ ಮಾಡುವುದು ಸುಲಭ. ವಿಜ್ಞಾನ ಅಷ್ಟು ದೂರ ಬರುವುದಿಲ್ಲ. ರೋಗತಡೆಯ ಕ್ರಮಗಳನ್ನು ಒರೆಗೆ ಹಚ್ಚುವ ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2011ರಲ್ಲಿ, ಯಾವ ಲಕ್ಷಣವೂ ಇಲ್ಲದ ಗಂಡಸರಲ್ಲಿ ವೃಷಣದ ಕ್ಯಾನ್ಸರಿಗೆಂದು ವಾಡಿಕೆಯ ತಪಾಸಣೆ, ಸ್ವಯಂತಪಾಸಣೆಯೂ ಸೇರಿ, ಬೇಡವೆಂದೇ ಹೇಳಿತು. ಕಾರಣ ಸರಳ. ರೋಗ ಅಪರೂಪ, ಸ್ವಲ್ಪ ತಡವಾದರೂ ಚಿಕಿತ್ಸೆ ಫಲಿಸುತ್ತದೆ, ಹುಡುಕಿ ಹುಡುಕಿ ಸಿಗುವ ಗಂಟುಗಳಲ್ಲಿ ಬಹುಪಾಲು ನಿರುಪದ್ರವಿ, ಅವುಗಳಿಂದ ಸಿಗುವುದು ಚಿಂತೆ ಮತ್ತು ಖರ್ಚು. ಧಾತುವಿನ ಕೊರಗು ಮೊದಲೇ ಇರುವ ಸಮಾಜಕ್ಕೆ ಇನ್ನೊಂದು ಕೊರಗು ಹಚ್ಚುವುದು ಬೇಡ.

ಆದರೆ ಆ ಶಿಫಾರಸು ಒಂದು ರೋಗಕ್ಕೆ, ಒಂದು ದೇಶದ ಸ್ಥಿತಿಗೆ ಕೊಟ್ಟದ್ದು. ಅಲ್ಲಿಯ ಯುವಕ ಗಂಟು ಕಂಡರೆ ಬಹುಮಟ್ಟಿಗೆ ವೈದ್ಯರ ಬಳಿ ಹೋಗುತ್ತಾನೆ. ಹೈಡ್ರೋಸಿಲ್ಲೂ ಮುಂದೊಗಲಿನ ರೋಗಗಳೂ ಇರುವ, ನೋವು ತಡೆಯಲಾರದಷ್ಟಾದ ಮೇಲೆ ದವಾಖಾನೆಗೆ ಹೋಗುವ ಸೀಮೆಯ ಲೆಕ್ಕ ಬೇರೆ. ಇಲ್ಲಿ ಕರ್ತವ್ಯವೆನ್ನಬಹುದಾದದ್ದು ಇಷ್ಟು: ತನ್ನ ಮೈಯ ಸಹಜ ಸ್ಥಿತಿ ಹೇಗಿದೆ ಎಂದು ಬಲ್ಲವನಾಗಿರುವುದು, ವ್ಯತ್ಯಾಸ ಕಂಡರೆ ಮುಚ್ಚಿಡದಿರುವುದು. ತೊಳೆಯುವುದು ನಿತ್ಯದ ಕೆಲಸ. ಅದರ ಜೊತೆಗೇ ನೋಡಿಕೊಳ್ಳಲು ಬೇರೆ ದಿನ, ಮುಹೂರ್ತ ಬೇಕಿಲ್ಲ. ಕೂಸಿದ್ದಾಗ ಬೀಜ ಇಳಿಯದೆ ಶಸ್ತ್ರಚಿಕಿತ್ಸೆಯಾದವರು ಮತ್ತು ಅಣ್ಣತಮ್ಮಂದಿರಿಗೋ ತಂದೆಗೋ ವೃಷಣದ ಕ್ಯಾನ್ಸರ್ ಬಂದವರು ಮಾತ್ರ ವೈದ್ಯರನ್ನು ಕೇಳಿ ಕ್ರಮವಾಗಿ ನೋಡಿಕೊಳ್ಳುವುದು ಒಳ್ಳೆಯದು.

ನೋಡುವ ಬಗೆ ಹೀಗೆ. ಬಿಸಿನೀರಿನ ಜಳಕದ ನಂತರ ಚೀಲದ ತೊಗಲು ಸಡಿಲಾಗಿರುತ್ತದೆ. ಆಗ ನಿಂತುಕೊಂಡು ಒಂದೊಂದೇ ವೃಷಣವನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಹಗುರವಾಗಿ ಹೊರಳಿಸಬೇಕು. ಅದು ನುಣುಪಾಗಿ, ಗಟ್ಟಿಯೂ ಅಲ್ಲ ಮೆತ್ತಗೂ ಅಲ್ಲ ಎನ್ನುವಂತಿರುತ್ತದೆ. ಹಿಂಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಮೆತ್ತನೆಯ ಹುರಿಯಂಥದ್ದು ಸಿಗುತ್ತದೆ. ಅದು ವೀರ್ಯಾಣು ಕೂಡಿಡುವ ನಾಳ, ಗಂಟಲ್ಲ. ಮೊದಲ ಸಲ ಅದನ್ನು ಮುಟ್ಟಿ ಗಾಬರಿಯಾಗುವವರೇ ಹೆಚ್ಚು. ಒಂದು ಬೀಜ ಇನ್ನೊಂದಕ್ಕಿಂತ ಕೆಳಗೆ ಜೋತಿರುವುದು, ಸ್ವಲ್ಪ ದೊಡ್ಡದಿರುವುದು ಸಹಜ. ವೃಷಣದ ಮೈಗೇ ಅಂಟಿದ ನೋವಿಲ್ಲದ ಗಟ್ಟಿ ಗಂಟು, ಹೊಸದಾಗಿ ಬಂದ ಭಾರ, ಒಂದೇ ಕಡೆ ಬಾವು ಕಂಡರೆ ತೋರಿಸಬೇಕು. ನೋವಿಲ್ಲ ಎಂಬುದು ಸಮಾಧಾನಕ್ಕೆ ಕಾರಣವಲ್ಲ. ಆಮೇಲೆ ಮುಂದೊಗಲನ್ನು ಪೂರ್ತಿ ಹಿಂದೆ ಸರಿಸಿ ತುದಿಯನ್ನೂ ಅದರ ಸುತ್ತಿನ ತಗ್ಗನ್ನೂ ನೋಡಿ, ತೊಳೆದು, ತೊಗಲನ್ನು ಮರೆಯದೆ ಮುಂದಕ್ಕೆ ತರಬೇಕು. ಹಿಂದೆಯೇ ಬಿಟ್ಟರೆ ಸಿಕ್ಕಿಕೊಂಡು ಬಾಯುತ್ತದೆ. ಮೊದಲು ಸರಿಯುತ್ತಿದ್ದದ್ದು ಈಗ ಸರಿಯದಿದ್ದರೆ, ಹುಣ್ಣು ಎರಡು ಮೂರು ವಾರದಲ್ಲಿ ಮಾಯದಿದ್ದರೆ ತಡಮಾಡಬಾರದು. ಕೊನೆಗೆ ಎರಡೂ ತೊಡೆಸಂದುಗಳ ಮೇಲೆ ಬೆರಳಾಡಿಸಿದರೆ ಮುಗಿಯಿತು.

ವೈದ್ಯರ ಎದುರಿನ ಲಜ್ಜೆಗೂ ಮದ್ದಿದೆ. ಪರೀಕ್ಷೆ ಪರದೆಯ ಹಿಂದೆ ನಡೆಯಬೇಕೆಂದು ಕೇಳುವುದು ರೋಗಿಯ ಹಕ್ಕು. ಗಂಡು ವೈದ್ಯರೇ ನೋಡಲಿ ಎಂದೂ ಕೇಳಬಹುದು. ಜೊತೆಗೆ ಬಂದವರನ್ನು ಹೊರಗೆ ಕೂರಿಸಬಹುದು. ಚೀಲದ ಹಿಂದೆ ಬ್ಯಾಟರಿ ಬೆಳಕು ಹಿಡಿದರೆ ನೀರಿದ್ದದ್ದು ಕೆಂಪಗೆ ಹೊಳೆಯುತ್ತದೆ, ಗಟ್ಟಿ ಗಂಟಾದರೆ ಹೊಳೆಯುವುದಿಲ್ಲ. ತಾಲೂಕು ದವಾಖಾನೆಯಲ್ಲಿಯೇ ಇಷ್ಟು ಗೊತ್ತಾಗುತ್ತದೆ. ಹೆಚ್ಚಿನದಕ್ಕೆ ಅಲ್ಟ್ರಾಸೌಂಡ್ ಇದೆ. ಬಾಗಲಕೋಟೆಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಒಂದು ಸಂಗತಿ ಮಾತ್ರ ಯಾವ ವಿಚಾರಕ್ಕೂ ಕಾಯುವುದಿಲ್ಲ. ಹದಿಹರೆಯದ ಹುಡುಗರಲ್ಲಿ ಒಮ್ಮೊಮ್ಮೆ ಬೀಜ ತಾನು ಜೋತಿರುವ ಹುರಿಯ ಮೇಲೆ ತಿರುಚಿಕೊಂಡು ರಕ್ತ ಹರಿಯುವುದು ನಿಲ್ಲುತ್ತದೆ. ಏಕಾಏಕಿ ಒಂದು ಕಡೆ ಸಹಿಸಲಾಗದ ನೋವು, ಎಷ್ಟೋ ಸಲ ಹೊಟ್ಟೆನೋವು, ವಾಂತಿ. ಆರು ತಾಸಿನೊಳಗೆ ಶಸ್ತ್ರಚಿಕಿತ್ಸೆಯಾದರೆ ಬೀಜ ಬಹುಪಾಲು ಉಳಿಯುತ್ತದೆ, ಬೆಳಗಾಗಲೆಂದು ಕಾದರೆ ಹೋಗುತ್ತದೆ. ನಾಚಿಕೆಯಿಂದ ಹುಡುಗ ಹೊಟ್ಟೆನೋವೆಂದಷ್ಟೇ ಹೇಳುತ್ತಾನೆ. ಮನೆಯವರು ಓಮಿನಕಾಳು ಕೊಟ್ಟು ಮಲಗಿಸುತ್ತಾರೆ. ಅಲ್ಲಿ ನೋವಾದರೆ ನಡುರಾತ್ರಿಯಾದರೂ ಎಬ್ಬಿಸು ಎಂದು ತಂದೆಯೋ ಸೋದರಮಾವನೋ ಹುಡುಗನಿಗೆ ಹನ್ನೆರಡು ತುಂಬುವ ಮೊದಲೇ ಹೇಳಿಡಬೇಕು.